ಬಡಬಾನಲವೂ ಹತ್ತು ಗುಂಟೆಯ ದೀಪವೂ

(ಬಾನುಲಿ ಭಾಷಣದ ಪಾಠ)



ನಾನು ವಿಜ್ಞಾನಿಯಲ್ಲ. ಕನ್ನಡದಲ್ಲಿ ಎಂ.ಎ. ಮಾಡಿ, ಮೂವತ್ತಕ್ಕೂ ಮಿಕ್ಕಿದ ವರ್ಷ ಹಳಗನ್ನಡ, ನಡುಗನ್ನಡ ಕಾವ್ಯಗಳನ್ನು ಪಾಠ ಹೇಳಿ ನಿವೃತ್ತನಾದವನು. ಅಂಥವನು ಕಡಲ ತಳದಿಂದ ಮೇಲೇಳುವ ಶಾಖವನ್ನು ಅಳೆಯುವ ವಿಷಯವಾಗಿ ಮಾತನಾಡಲು ಹೊರಟಿರುವುದು ನಿಮಗೆ ವಿಚಿತ್ರವಾಗಿ ತೋರಬಹುದು. ಇದಕ್ಕೆ ಕಾರಣವಿದೆ. ಇದೇ ವಿಷಯದಲ್ಲಿ ನಾನು ಒಮ್ಮೆ ತುಂಬಿದ ಸಭೆಯ ಮುಂದೆ ತಪ್ಪು ಮಾತನಾಡಿದೆ. ಆ ತಪ್ಪಿಗೆ ಚಪ್ಪಾಳೆಯನ್ನೂ ಪಡೆದೆ. ಹೀಗೆ ಬಂದ ಚಪ್ಪಾಳೆ ಸಾಲವಿದ್ದಂತೆ, ಎಂದಾದರೂ ತೀರಿಸಬೇಕು. ಇಂದಿನ ನನ್ನ ಮಾತು ಆ ಸಾಲದ ಒಂದು ಕಂತು ಎಂದು ತಿಳಿಯಿರಿ.

ನಮ್ಮ ಊರು ಮಿರ್ಜಾನ. ಉತ್ತರ ಕನ್ನಡದ ಕುಮಟಾ ತಾಲೂಕಿನಲ್ಲಿ, ಅಘನಾಶಿನಿ ನದಿ ಕಡಲನ್ನು ಸೇರುವುದಕ್ಕೆ ಸ್ವಲ್ಪ ಮೊದಲು ಸಿಗುವ ಊರು. ಹೆದ್ದಾರಿಯಲ್ಲಿ ಹೋಗುವವರು ಇಲ್ಲಿಯ ಚಿರೆಕಲ್ಲಿನ ಕೋಟೆಯನ್ನು ನೋಡಲು ಇಳಿಯುತ್ತಾರೆ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರಿನೊಡನೆ ಬೆಸೆದುಕೊಂಡ ಕೋಟೆ ಅದು. ಪೋರ್ಚುಗೀಸರು ಆಕೆಯನ್ನು ಮೆಣಸಿನ ರಾಣಿ ಎಂದು ಕರೆದರು. ನಮಗೆ ಬಾಲ್ಯದಲ್ಲಿ ಕೋಟೆಗಿಂತ ಹೊಳೆಯೇ ದೊಡ್ಡದು. ಭರತದ ವೇಳೆಗೆ ಉಪ್ಪುನೀರು ಏರಿ ಗಜನಿ ಗದ್ದೆಗಳ ಕಟ್ಟೆಯನ್ನು ಮುಟ್ಟುತ್ತಿತ್ತು. ಇಳಿತಕ್ಕೆ ಹಿಂದೆ ಸರಿಯುತ್ತಿತ್ತು. ಆಷಾಢದ ಮಳೆಯಲ್ಲಿ ಘಟ್ಟದ ನೀರೆಲ್ಲ ಕೆಂಪಗೆ ಹರಿದು ತದಡಿಯ ಅಳಿವೆಯ ಕಡೆಗೆ ಹೋಗುವುದನ್ನು ದಂಡೆಯಲ್ಲಿ ನಿಂತು ನೋಡುತ್ತಿದ್ದೆವು. ಹೀಗೆ ನೋಡುತ್ತಿದ್ದಾಗ ಒಂದು ದಿನ ನಾನು ಅಜ್ಜಿಯನ್ನು ಕೇಳಿದೆ: “ಇಷ್ಟು ನೀರು ದಿನವೂ ಹೋಗಿ ಸೇರುತ್ತದಲ್ಲ, ಸಮುದ್ರ ಉಕ್ಕಿ ನಮ್ಮ ಅಂಗಳಕ್ಕೆ ಬರುವುದಿಲ್ಲವೇಕೆ?”

ಅಜ್ಜಿಯ ಉತ್ತರ ಸಿದ್ಧವಾಗಿತ್ತು. ಕಡಲ ತಳದಲ್ಲಿ ಕುದುರೆಯ ಮುಖದ ಬೆಂಕಿಯೊಂದಿದೆ. ಅದು ಹಗಲೂ ರಾತ್ರಿಯೂ ನೀರು ಕುಡಿಯುತ್ತಿದೆ. ಆದ್ದರಿಂದ ಸಮುದ್ರ ತುಂಬಿದರೂ ಉಕ್ಕುವುದಿಲ್ಲ.

ಇದೇ ಬಡಬಾಗ್ನಿ, ಇದೇ ಬಡಬಾನಲ. ವಡವಾ ಎಂದರೆ ಹೆಣ್ಣು ಕುದುರೆ. ಮಹಾಭಾರತದ ಆದಿಪರ್ವದಲ್ಲಿ ಔರ್ವ ಮುನಿಯ ಕತೆ ಬರುತ್ತದೆ. ತನ್ನ ಕುಲವನ್ನು ಕೊಂದವರ ಮೇಲೆ ಅವನಿಗೆ ಹುಟ್ಟಿದ ಕೋಪ ಲೋಕವನ್ನೇ ಸುಡುವಷ್ಟಾಯಿತು. ಪಿತೃಗಳು ಬಂದು ಬೇಡಿಕೊಂಡರು. ಹುಟ್ಟಿದ ಕೋಪವನ್ನು ಇಲ್ಲವೆನ್ನಿಸಲಾಗದು, ಲೋಕದ ಮೇಲೆ ಬಿಡಲೂ ಆಗದು. ಕೊನೆಗೆ ಅವನು ಅದನ್ನು ಕಡಲಿನಲ್ಲಿ ಇಟ್ಟ. ಅಲ್ಲಿ ಅದು ಕುದುರೆಯ ಮೋರೆಯಾಗಿ ನೀರನ್ನು ಉಣ್ಣುತ್ತಿದೆ. ನಮ್ಮ ಕವಿಗಳು ಈ ಬೆಂಕಿಯನ್ನು ಬಹಳ ಪ್ರೀತಿಯಿಂದ ಬಳಸಿಕೊಂಡಿದ್ದಾರೆ. ವೀರನು ಅದುಮಿಟ್ಟ ರೋಷಕ್ಕೂ ವಿರಹಿಯ ಒಳಬೇಗೆಗೂ ಇದಕ್ಕಿಂತ ಒಳ್ಳೆಯ ಹೋಲಿಕೆ ಎಲ್ಲಿ ಸಿಕ್ಕೀತು? ತರಗತಿಯಲ್ಲಿ ಈ ಶಬ್ದ ಬಂದಾಗಲೆಲ್ಲ ನಾನು “ಇದು ಕವಿಸಮಯ” ಎಂದು ಅರ್ಥ ಬರೆಸಿ ಮುಂದಿನ ಪದ್ಯಕ್ಕೆ ಹೋಗುತ್ತಿದ್ದೆ.

ನಿವೃತ್ತನಾದ ಮೇಲೆ ಊರಿನ ಒಂದು ಸಭೆಯಲ್ಲಿ ನನ್ನನ್ನು ಭಾಷಣಕ್ಕೆ ಕರೆದರು. ಆ ದಿನಗಳಲ್ಲಿ ನಾನು ಎಲ್ಲಿಯೋ ಒಂದು ಸಂಗತಿ ಓದಿದ್ದೆ: 2015ರಲ್ಲಿ ಒಂದು ಹಡಗು ನಮ್ಮ ಅರಬ್ಬೀ ಸಮುದ್ರಕ್ಕೆ ಬಂದು, ತಳವನ್ನು ಸಾವಿರ ಮೀಟರಿಗೂ ಹೆಚ್ಚು ಆಳ ಕೊರೆದು, ಒಳಗಿನ ಉಷ್ಣತೆಯನ್ನು ಅಳೆಯಿತು, ಕೆಳಕ್ಕೆ ಹೋದಂತೆ ಬಿಸಿ ಏರುತ್ತದೆಂದು ಕಂಡಿತು ಎಂದು. ಅಷ್ಟು ಸಾಕಾಯಿತು. ನಾನು ಸಭೆಯಲ್ಲಿ ಎದೆ ತಟ್ಟಿ ಹೇಳಿದೆ: “ನಮ್ಮ ಹಿರಿಯರು ಹೇಳಿದ ಬಡಬಾನಲವನ್ನು ಇಂದು ವಿಜ್ಞಾನಿಗಳು ಯಂತ್ರವಿಟ್ಟು ಸಿದ್ಧಪಡಿಸಿದ್ದಾರೆ. ಅಜ್ಜಿಯ ಕತೆ ಗೆದ್ದಿದೆ!” ಸಭೆ ಚಪ್ಪಾಳೆಯಿಂದ ತುಂಬಿತು. ಶಾಲು ಹೊದಿಸಿದರು. ನಾನು ಹಿಗ್ಗಿ ಮನೆಗೆ ಬಂದೆ.

ಮರುದಿನ ಬೆಳಿಗ್ಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಕಾಲೇಜಿನ ದಿನಗಳಲ್ಲಿ ಕಿಟಕಿಯ ಬಳಿ ಕುಳಿತು ಪಾಠಕ್ಕಿಂತ ಹೆಚ್ಚಾಗಿ ಮಳೆಯನ್ನು ನೋಡುತ್ತಿದ್ದ ಹುಡುಗ. ಮುಂದೆ ಭೂವಿಜ್ಞಾನ ಓದಿ ಕಡಲಿನ ಸಂಶೋಧನೆಯ ಕೆಲಸದಲ್ಲಿ ಗೋವೆಯ ಕಡೆ ಇದ್ದ. ರಜೆಯಲ್ಲಿ ಊರಿಗೆ ಬಂದವನು ಹಿಂದಿನ ಸಂಜೆ ಸಭೆಯ ಕೊನೆಯ ಸಾಲಿನಲ್ಲಿದ್ದನಂತೆ. ಮುರುಗಲ ಹಣ್ಣಿನ ಪಾನಕ ಕುಡಿದು, ಲೋಟವನ್ನು ಕೆಳಗಿಟ್ಟು, ಬಹಳ ಸಂಕೋಚದಿಂದ ಹೇಳಿದ:

“ಸರ್, ತಪ್ಪು ತಿಳಿಯಬೇಡಿ. ಆ ಶಾಖ ಎಷ್ಟು ಎಂದು ನೀವು ಸಭೆಯಲ್ಲಿ ಹೇಳಲಿಲ್ಲ.”

“ಎಷ್ಟಪ್ಪಾ?”

“ಕಡಲ ತಳದ ಹತ್ತು ಗುಂಟೆ ಜಾಗ ತೆಗೆದುಕೊಳ್ಳಿ ಸರ್. ಅಷ್ಟರಿಂದ ಬರುವ ಶಾಖವನ್ನೆಲ್ಲ ಒಟ್ಟುಗೂಡಿಸಿದರೆ ಹಳೆಯ ಅರುವತ್ತು ವ್ಯಾಟಿನ ಒಂದು ಬಲ್ಬಿನಷ್ಟಾಗುತ್ತದೆ.”

ನಾನು ಸುಮ್ಮನಾದೆ. ಹತ್ತು ಗುಂಟೆಗೆ ಒಂದು ದೀಪ! ಸಮುದ್ರವನ್ನು ಕುಡಿಯುವ ಬೆಂಕಿಯೆಂದು ನಾನು ಸಾರಿದ್ದು ಇದನ್ನು. ಒಂದು ಚದರ ಮೀಟರಿನ ಲೆಕ್ಕದಲ್ಲಿ ಅದು ಸುಮಾರು ಅರುವತ್ತು ಮಿಲಿವ್ಯಾಟ್, ಎಂದರೆ ಒಂದು ವ್ಯಾಟಿನ ಸಾವಿರದಲ್ಲಿ ಅರುವತ್ತು ಪಾಲು. ಒಂದು ಚಾಪೆ ಹಾಸುವಷ್ಟು ಜಾಗದಲ್ಲಿ ಬರುವ ಈ ಶಾಖವನ್ನು ಕಿಂಚಿತ್ತೂ ಸೋರದಂತೆ ಕೂಡಿಟ್ಟರೂ, ಒಂದು ಲೀಟರ್ ನೀರನ್ನು ಕುದಿಬಿಂದುವಿಗೆ ತರಲು ಎರಡು ತಿಂಗಳು ಬೇಕು. ನಮ್ಮ ಅಂಗಳದ ಮೇಲೆ ನಡುಹಗಲಿನಲ್ಲಿ ಅಷ್ಟೇ ಜಾಗದ ಮೇಲೆ ಬೀಳುವ ಬಿಸಿಲು ಸುಮಾರು ಸಾವಿರ ವ್ಯಾಟ್.

ನನಗೆ ನಾಚಿಕೆಯಾಯಿತು, ನಾಚಿಕೆಯ ಹಿಂದೆಯೇ ಕುತೂಹಲವೂ ಹುಟ್ಟಿತು. ಇಷ್ಟು ಮಂದವಾದ ಶಾಖವನ್ನು ಮೂರು ಮೂರೂವರೆ ಕಿಲೋಮೀಟರ್ ನೀರಿನ ಕೆಳಗೆ ಅಳೆಯುವುದಾದರೂ ಹೇಗೆ? ಅಂದಿನಿಂದ ಅವನು ಊರಿಗೆ ಬಂದಾಗಲೆಲ್ಲ ನಾನು ಅವನ ವಿದ್ಯಾರ್ಥಿ. ನಾನು ಕಲಿತದ್ದನ್ನು ನಿಮ್ಮ ಮುಂದಿಡುತ್ತೇನೆ.

ಮೊದಲನೆಯ ಆಶ್ಚರ್ಯವೆಂದರೆ, ಕಡಲ ತಳ ತಣ್ಣಗಿದೆ. ನಮ್ಮ ಅರಬ್ಬೀ ಸಮುದ್ರದ ಮೇಲ್ಮೈ ಬೆಚ್ಚಗಿದೆ, ನಿಜ. ಮೂರು ಮೂರೂವರೆ ಕಿಲೋಮೀಟರ್ ಆಳದಲ್ಲಿ ಮಾತ್ರ ನೀರಿನ ಉಷ್ಣತೆ ಎರಡು ಡಿಗ್ರಿಯ ಆಸುಪಾಸು. ದಕ್ಷಿಣ ಧ್ರುವದ ಸುತ್ತಿನ ಕಡಲುಗಳಲ್ಲಿ ತಣಿದು ಭಾರವಾದ ನೀರು ತಳವನ್ನು ಹಿಡಿದು ನಿಧಾನವಾಗಿ ಇಲ್ಲಿಯವರೆಗೆ ಬಂದಿದೆ. ಈ ತಣ್ಣನೆಯ ನೀರಿನಿಂದ ಅಳೆಯುವವನಿಗೆ ಉಪಕಾರವೇ ಆಗಿದೆ. ನೆಲದ ಮೇಲೆ ಹಗಲು ರಾತ್ರಿ, ಬೇಸಿಗೆ ಚಳಿಗಾಲ ಎಂದು ಉಷ್ಣತೆ ಏರಿಳಿಯುತ್ತಿರುತ್ತದೆ; ಆ ಏರಿಳಿತದ ಗುರುತು ಮಣ್ಣಿನೊಳಕ್ಕೂ ಇಳಿದಿರುತ್ತದೆ. ನಮ್ಮ ಬಾವಿಯ ನೀರು ಚಳಿಗಾಲದಲ್ಲಿ ಬೆಚ್ಚಗೆ, ಬೇಸಿಗೆಯಲ್ಲಿ ತಂಪು ಎನ್ನಿಸುವುದು ಈ ಏರಿಳಿತದ ಬಹುಭಾಗ ಮೇಲಿನ ಮಣ್ಣಿನಲ್ಲಿಯೇ ಸವೆದುಹೋಗುವುದರಿಂದ. ಆಳ ಕಡಲಿನ ತಳಕ್ಕೆ ಋತುಗಳೇ ಇಲ್ಲ. ಅಲ್ಲಿ ಒಳಗಿನಿಂದ ಬರುವ ಮಂದ ಶಾಖದ ದನಿ ಕೇಳಿಸುತ್ತದೆ.

ಎರಡನೆಯದಾಗಿ, ಶಾಖದ ಹರಿವನ್ನು ಯಾರೂ ನೇರವಾಗಿ ಅಳೆಯುವುದಿಲ್ಲ. ಎರಡು ಸಂಗತಿಗಳನ್ನು ಬೇರೆ ಬೇರೆಯಾಗಿ ಅಳೆದು ಗುಣಿಸುತ್ತಾರೆ. ಒಂದು, ಆಳಕ್ಕೆ ಹೋದಂತೆ ಉಷ್ಣತೆ ಎಷ್ಟು ಏರುತ್ತದೆ ಎಂಬುದು. ಇನ್ನೊಂದು, ಅಲ್ಲಿಯ ಕೆಸರು ಅಥವಾ ಕಲ್ಲು ತನ್ನ ಮೂಲಕ ಶಾಖವನ್ನು ಎಷ್ಟು ಸುಲಭವಾಗಿ ಬಿಡುತ್ತದೆ ಎಂಬುದು. ಮೊದಲನೆಯದು ಮಾತ್ರ ತಿಳಿದರೆ ಮೋಸ ಹೋಗುತ್ತೇವೆ. ನಮ್ಮ ಕೋಲಾರದ ಚಿನ್ನದ ಗಣಿಯನ್ನೇ ನೋಡಿ. 2001ರಲ್ಲಿ ಮುಚ್ಚಿದ ಆ ಗಣಿ ಮೂರು ಕಿಲೋಮೀಟರಿಗೂ ಕೆಳಕ್ಕೆ ಇಳಿದಿತ್ತು. ಅಲ್ಲಿಯ ಬಂಡೆಯ ಉಷ್ಣತೆ ಅರುವತ್ತು ಡಿಗ್ರಿಗೂ ಮೇಲೆ. ಕೆಲಸಗಾರರಿಗೆ ಅದು ಕುಲುಮೆ. ಆದರೂ ಲೆಕ್ಕ ಹಾಕಿದರೆ ಕಿಲೋಮೀಟರಿಗೆ ಹದಿಮೂರು ಹದಿನಾಲ್ಕು ಡಿಗ್ರಿಯ ಏರಿಕೆ ಅಷ್ಟೇ. ಕಡಲ ಕೆಸರಿನಲ್ಲಿಯೋ ಕಿಲೋಮೀಟರಿಗೆ ಅರುವತ್ತು ಡಿಗ್ರಿಯ ಏರಿಕೆ ಇರಬಹುದು. ಹಾಗೆಂದು ಅಲ್ಲಿ ನಾಲ್ಕೈದು ಪಟ್ಟು ಶಾಖ ಹರಿಯುತ್ತಿದೆ ಎನ್ನುವಂತಿಲ್ಲ. ನೀರು ತುಂಬಿದ ಕೆಸರು ಕಂಬಳಿಯಂತೆ ಶಾಖವನ್ನು ತಡೆಯುತ್ತದೆ. ಗಟ್ಟಿ ಬಂಡೆ ಅದಕ್ಕಿಂತ ಎರಡು ಮೂರು ಪಟ್ಟು ಸುಲಭವಾಗಿ ಬಿಟ್ಟುಕೊಡುತ್ತದೆ. ಧಾರವಾಡ ಕ್ರೇಟನ್ ಎಂದು ಭೂವಿಜ್ಞಾನಿಗಳು ಕರೆಯುವ, ಕರ್ನಾಟಕದ ಬಹುಭಾಗವನ್ನು ಹೊತ್ತ ಪುರಾತನ ಶಿಲಾಪೀಠದಲ್ಲಿ ಶಾಖದ ಹರಿವು ಚದರ ಮೀಟರಿಗೆ ಸುಮಾರು 25ರಿಂದ 50 ಮಿಲಿವ್ಯಾಟ್. ಏರಿಕೆ ಒಂದು, ಹರಿವು ಇನ್ನೊಂದು. ಈ ಭೇದವನ್ನು ತಿಳಿಯದೆಯೇ ನಾನು ಸಭೆಯಲ್ಲಿ “ಬಿಸಿ ಏರುತ್ತದೆ, ಆದ್ದರಿಂದ ಬೆಂಕಿಯಿದೆ” ಎಂದಿದ್ದೆ.

ಇನ್ನು ಅಳೆಯುವ ಕ್ರಮ. 2015ರಲ್ಲಿ ಬಂದ ಹಡಗಿನ ಹೆಸರು ಜಾಯ್ಡಿಸ್ ರೆಸಲ್ಯೂಷನ್. ಸುಮಾರು 143 ಮೀಟರ್ ಉದ್ದ. ನಡುವೆ ಕೊರೆಯುವ ಎತ್ತರದ ಗೋಪುರ. ಆಳ ಕಡಲಿನಲ್ಲಿ ಲಂಗರು ಹಾಕಿ ನಿಲ್ಲಲಾಗದು. ತಳದ ಸುತ್ತ ಇರುವ ಯಂತ್ರಗಳ ನೂಕುಬಲದಿಂದ ಗಾಳಿ, ಅಲೆ, ಸೆಳವುಗಳ ನಡುವೆ ಒಂದೇ ಬಿಂದುವಿನ ಮೇಲೆ ಅದು ನಿಲ್ಲಬೇಕು. ಲಕ್ಷ್ಮೀ ಬೇಸಿನ್ ಎಂದು ಕರೆಯುವ ತಗ್ಗಿನಲ್ಲಿ, ಭಾರತದ ಕರಾವಳಿಯಿಂದ ಸುಮಾರು 475 ಕಿಲೋಮೀಟರ್ ಪಶ್ಚಿಮಕ್ಕೆ ಅದು ಮೊದಲ ಸ್ಥಾನವನ್ನು ಹಿಡಿಯಿತು. ಅಲ್ಲಿ ನೀರಿನ ಆಳ ಸುಮಾರು 3,640 ಮೀಟರ್. ನಮ್ಮ ಮುರ್ಡೇಶ್ವರದ ರಾಜಗೋಪುರವನ್ನು ನೋಡಿದವರು, ಅಂಥ ಸುಮಾರು ಐವತ್ತು ಗೋಪುರಗಳನ್ನು ಒಂದರ ಮೇಲೊಂದು ನಿಲ್ಲಿಸಿದಂತೆ ಕಲ್ಪಿಸಿಕೊಳ್ಳಿ. ಅಷ್ಟು ಉದ್ದದ ಕೊಳವೆಯನ್ನು ತುಂಡು ತುಂಡಾಗಿ ಜೋಡಿಸಿ ಇಳಿಬಿಟ್ಟು, ಅದರ ತುದಿಯಿಂದ ಕೆಸರನ್ನು ಕೊರೆಯಬೇಕು. ಆ ಯಾತ್ರೆಯ ಮುಖ್ಯ ವಿಜ್ಞಾನಿಗಳಾಗಿ ಗೋವೆಯ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನ ಕೇಂದ್ರದ ಧನಂಜಯ ಪಾಂಡೆ ಮತ್ತು ಅಮೆರಿಕದಲ್ಲಿದ್ದ ಪೀಟರ್ ಕ್ಲಿಫ್ಟ್ ಇದ್ದರು. ಎರಡು ಸ್ಥಾನಗಳಲ್ಲಿಯೂ ತಳದಿಂದ ಕೆಳಕ್ಕೆ ಸಾವಿರದ ನೂರು ಮೀಟರ್ ದಾಟಿ ಕೊರೆದರು. ಎರಡನೆಯ ಸ್ಥಾನದಲ್ಲಿ ಕೆಸರಿನ ಪದರಗಳೆಲ್ಲ ಮುಗಿದು ಕಪ್ಪು ಬಸಾಲ್ಟ್ ಶಿಲೆ ಸಿಕ್ಕಿತು.

ಮೇಲಿನ ಮೆತ್ತನೆಯ ಕೆಸರಿನಲ್ಲಿ ಉಷ್ಣತೆಯನ್ನು ಅಳೆಯುವ ಉಪಾಯವನ್ನು ಕೇಳಿ. ಕೆಸರಿನ ಕಂಬವನ್ನು ಕತ್ತರಿಸಿ ತರುವ ಕೊಳವೆಯ ಬಾಯಂಚಿನ ಉಕ್ಕಿನೊಳಗೇ ಒಂದು ಸೂಕ್ಷ್ಮವಾದ ಉಷ್ಣಮಾಪಕವನ್ನು ಅಡಗಿಸಿಟ್ಟಿರುತ್ತಾರೆ. ಮೊದಲು ಅದನ್ನು ತಳದ ನೀರಿನಲ್ಲಿ ಕೆಲವು ನಿಮಿಷ ಹಿಡಿದು ನೀರಿನ ಉಷ್ಣತೆಯನ್ನು ತಿಳಿಯುತ್ತಾರೆ. ಬಳಿಕ ಒತ್ತಡದಿಂದ ಕೊಳವೆ ಬಾಣದಂತೆ ಕೆಸರಿನೊಳಕ್ಕೆ ನುಗ್ಗುತ್ತದೆ. ನುಗ್ಗಿದ ಕ್ಷಣವೇ ಉಷ್ಣಮಾಪಕ ಸರ್ರನೆ ಮೇಲೇರುತ್ತದೆ. ಏನೂ ತಿಳಿಯದವನು ಆಗ “ಬೆಂಕಿ! ಬೆಂಕಿ!” ಎಂದು ಕೂಗಿಯಾನು. ಆದರೆ ಆ ಬಿಸಿ ಭೂಮಿಯದಲ್ಲ. ಉಕ್ಕು ಕೆಸರನ್ನು ಉಜ್ಜಿದ್ದರಿಂದ ಹುಟ್ಟಿದ ಬಿಸಿ, ಅಳೆಯಲು ಹೋದವನೇ ತಂದದ್ದು.

ಆಗ ಮಾಡಬೇಕಾದ ಕೆಲಸ ಒಂದೇ: ಅಲುಗಾಡದೆ ಕಾಯುವುದು. ಸುಮಾರು ಹತ್ತು ನಿಮಿಷ ಕೊಳವೆಯನ್ನು ಕೆಸರಿನಲ್ಲಿಯೇ ಬಿಟ್ಟು ನಿಲ್ಲುತ್ತಾರೆ. ಮೇಲೆ ಹಡಗು ಅಲೆಯಲ್ಲಿ ಏಳುತ್ತ ಬೀಳುತ್ತ ಇರುತ್ತದೆ; ಕೆಳಗೆ ತುದಿ ಮಾತ್ರ ಅಲುಗಬಾರದು. ಅಲುಗಿದರೆ ಮತ್ತೆ ಉಜ್ಜಿ ಮತ್ತೆ ಬಿಸಿಯಾಗಿ ಅಳತೆ ಕೆಡುತ್ತದೆ. ಆ ಹತ್ತು ನಿಮಿಷದಲ್ಲಿಯೂ ಬಿಸಿ ಪೂರ್ತಿ ಇಳಿಯುವುದಿಲ್ಲ. ಅದು ಇಳಿಯುವ ರೀತಿಯನ್ನು ಗುರುತಿಸಿಕೊಂಡು, ಹೀಗೆಯೇ ಇಳಿಯುತ್ತ ಹೋದರೆ ಕೊನೆಗೆ ಎಲ್ಲಿ ನಿಂತೀತು ಎಂದು ಗಣಿತದಿಂದ ಕಂಡುಹಿಡಿಯುತ್ತಾರೆ. ಅದು ಒಂದು ಆಳದ ಉಷ್ಣತೆ. ಹೀಗೆ ಇನ್ನಷ್ಟು ಕೆಳಗೆ, ಮತ್ತಷ್ಟು ಕೆಳಗೆ. ನಾಲ್ಕಾರು ಬಿಂದುಗಳು ಒಂದು ಗೆರೆಯಲ್ಲಿ ಬಂದರೆ ನಂಬಿಕೆ ಹುಟ್ಟುತ್ತದೆ. ಬಳಿಕ ಮೇಲೆ ತಂದ ಕೆಸರಿನ ಕಂಬಕ್ಕೆ ಸೂಜಿಯಂಥ ಸಾಧನವನ್ನು ಚುಚ್ಚಿ ಅದರ ಉಷ್ಣವಾಹಕತೆಯನ್ನು ಅಳೆಯುತ್ತಾರೆ. ಎರಡನ್ನೂ ಗುಣಿಸಿದಾಗ ಹರಿವು ತಿಳಿಯುತ್ತದೆ.

ನನ್ನ ವಿದ್ಯಾರ್ಥಿ ಇದನ್ನು ವಿವರಿಸಿ ಮುಗಿಸಿದಾಗ ನಾನು ಬಹಳ ಹೊತ್ತು ಮಾತನಾಡಲಿಲ್ಲ. ಅವನು ನನ್ನನ್ನು ಚುಚ್ಚಬೇಕೆಂದು ಹೇಳಿದವನಲ್ಲ. ಆದರೆ ಸಭೆಯಲ್ಲಿ ನನಗೆ ತಗುಲಿದ ಬಿಸಿ ಎಲ್ಲಿಯದೆಂದು ನನಗೆ ಆಗ ತಿಳಿಯಿತು.

ಈ ಅಳತೆಯ ಚರಿತ್ರೆಯಲ್ಲಿ ನನ್ನಂಥವನಿಗೆ ಸಮಾಧಾನ ಕೊಡುವ ಒಂದು ಪ್ರಸಂಗವೂ ಇದೆ. ಹತ್ತೊಂಬತ್ತನೆಯ ಶತಮಾನದ ಮಹಾವಿಜ್ಞಾನಿ ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಎನ್ನಿಸಿಕೊಂಡವನು, 1862ರಲ್ಲಿ ಭೂಮಿಯ ವಯಸ್ಸನ್ನು ಶಾಖದ ಹರಿವಿನಿಂದ ಲೆಕ್ಕ ಹಾಕಿದ. ಕಾದ ಗುಂಡು ತಣಿಯುವಂತೆ ಭೂಮಿ ತಣಿಯುತ್ತಿದೆ. ಇಂದು ಹೊರಬರುವ ಶಾಖದಿಂದ ತಣಿಯಲು ತೊಡಗಿದ ಕಾಲವನ್ನು ತಿಳಿಯಬಹುದು ಎಂಬುದು ಅವನ ವಾದ. ಸುಮಾರು ಹತ್ತು ಕೋಟಿ ವರ್ಷವೆಂದು ಅವನ ಲೆಕ್ಕ ಹೇಳಿತು. ಅಷ್ಟು ಕಾಲ ಸಾಲದೆಂದು ಭೂವಿಜ್ಞಾನಿಗಳು ಗೊಣಗಿದರು. ಗಣಿತದ ಮುಂದೆ ಅವರ ಮಾತು ನಡೆಯಲಿಲ್ಲ. 1895ರಲ್ಲಿ ಜಾನ್ ಪೆರ್ರಿ ಎಂಬ ಎಂಜಿನಿಯರ್, ಹಿಂದೆ ಕೆಲ್ವಿನ್ನನ ಸಹಾಯಕನಾಗಿದ್ದವನು, ವಿನಯದಿಂದಲೇ ಗುರುವಿನ ಲೆಕ್ಕದಲ್ಲಿಯ ಒಂದು ಊಹೆಯನ್ನು ಎತ್ತಿ ತೋರಿಸಿದ. ಭೂಮಿಯ ಒಡಲು ಗಟ್ಟಿ ಗುಂಡಿನಂತೆ ಅಲುಗದೆ ಇರಬೇಕೆಂದೇನು? ಒಳಗೆ ಅದು ನಿಧಾನವಾಗಿ ಹರಿಯುತ್ತ, ಆಳದ ಶಾಖವನ್ನು ಮೇಲಕ್ಕೆ ತರುತ್ತಿದ್ದರೆ ವಯಸ್ಸು ಎಷ್ಟೋ ಪಟ್ಟು ಹೆಚ್ಚಾಗುತ್ತದೆ ಎಂದ. ಆ ಮಾತು ಅಂದು ನಡೆಯಲಿಲ್ಲ. ಮುಂದೆ ವಿಕಿರಣಶೀಲ ಧಾತುಗಳಿಂದ ಕಲ್ಲಿನೊಳಗೇ ಶಾಖ ಹುಟ್ಟುತ್ತದೆಂದೂ ತಿಳಿಯಿತು. ಇಂದು ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷವೆಂದು ತಿಳಿದಿದ್ದೇವೆ. ಪೆರ್ರಿಯ ದಾರಿಯೇ ಸರಿಯಿತ್ತು. ಗುರು ತಪ್ಪಿದಾಗ ಶಿಷ್ಯನು ತಿದ್ದುವುದಕ್ಕೆ ಮೇಲ್ಪಂಕ್ತಿಯಿದೆ ಎಂದಾಯಿತು.

ಕಡಲ ತಳದ ಅಳತೆ ಆರಂಭವಾದದ್ದು ಇನ್ನೂ ಈಚೆಗೆ. ಎಡ್ವರ್ಡ್ ಬುಲ್ಲಾರ್ಡ್ ಎಂಬ ಇಂಗ್ಲಿಷ್ ವಿಜ್ಞಾನಿ ಮತ್ತು ಅಮೆರಿಕದ ರೋಜರ್ ರೆವೆಲ್, ಆರ್ಥರ್ ಮ್ಯಾಕ್ಸ್‌ವೆಲ್ ಇವರು 1950ರ ಸುಮಾರಿಗೆ ಈಟಿಯಂಥ ಉದ್ದನೆಯ ಸಾಧನವನ್ನು ಹಗ್ಗದಲ್ಲಿ ಇಳಿಬಿಟ್ಟು ಕೆಸರಿಗೆ ಚುಚ್ಚಿ ಅಳೆದರು. ಅವರು ಎಣಿಸಿದ್ದು ಒಂದು, ಕಂಡದ್ದು ಇನ್ನೊಂದು. ಶಾಖ ಕೊಡುವ ವಿಕಿರಣಶೀಲ ಧಾತುಗಳು ಭೂಖಂಡಗಳ ಗ್ರಾನೈಟಿನಲ್ಲಿ ಹೆಚ್ಚು. ಕಡಲ ತಳದಲ್ಲಿ ಗ್ರಾನೈಟ್ ಇಲ್ಲ. ಆದ್ದರಿಂದ ಅಲ್ಲಿ ಶಾಖ ಬಹಳ ಕಡಿಮೆಯಿರಬೇಕು ಎಂಬುದು ಅಂದಿನ ನಂಬಿಕೆ. ಅಳೆದಾಗ ಎರಡೂ ಕಡೆ ಹೆಚ್ಚು ಕಡಿಮೆ ಸಮವಾಗಿ ಬಂತು. ಕಡಲ ತಳದ ಶಾಖ ಹಾಗಾದರೆ ಎಲ್ಲಿಂದ ಬರುತ್ತದೆ? ಮುಂದಿನ ವರ್ಷಗಳಲ್ಲಿ ಉತ್ತರ ದೊರಕಿತು. ಕಡಲ ನಡುವಿನ ಪರ್ವತಸಾಲುಗಳಲ್ಲಿ ಹೊಸ ನೆಲ ಹುಟ್ಟುತ್ತಿದೆ. ಹುಟ್ಟುವಾಗ ಬಿಸಿಯಾಗಿದ್ದು, ಎರಡೂ ಕಡೆಗೆ ಸರಿಯುತ್ತ ತಣಿಯುತ್ತದೆ. ನೆಲ ಎಳೆಯದಾದಷ್ಟೂ ಶಾಖ ಹೆಚ್ಚು, ಹಳೆಯದಾದಷ್ಟೂ ಕಡಿಮೆ. ಶಾಖವನ್ನು ಅಳೆಯುವುದೆಂದರೆ ನೆಲದ ಪ್ರಾಯವನ್ನು ಕೇಳಿದಂತೆ.

ನಮ್ಮ ಕರಾವಳಿಯೂ ಈ ಕತೆಯೊಳಗಿನದೇ. ಉಡುಪಿಯ ಮಲ್ಪೆಯ ಎದುರಿಗಿರುವ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ಅವು ಸುಮಾರು ಎಂಟೂವರೆ, ಒಂಬತ್ತು ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದ ಲಾವಾ ತಣಿದು ಆದವು. ಮುಂದೆ ಸುಮಾರು ಆರೂವರೆ ಕೋಟಿ ವರ್ಷಗಳ ಆಚೀಚೆ ಡೆಕ್ಕನ್ನಿನ ಮಹಾಲಾವಾ ಹರಿಯಿತು. ಸೇಶೆಲ್ಸ್ ದ್ವೀಪಗಳ ನೆಲವೂ ಬೇರೆಯಾಯಿತು. ನಮ್ಮ ಪಡುಗಡಲ ಅಂಚು ಹೀಗೆ ಬಿಸಿಯಲ್ಲಿ ಹರಿದು ಆದ ಅಂಚು. ಈಗ ಅಲ್ಲಿ ಅಳೆಯುವ ಮಂದ ಶಾಖ ಆ ಹಳೆಯ ಒಲೆಯ ಬೂದಿಯನ್ನು ಮುಟ್ಟಿ ನೋಡಿದಂತೆ.

ಇದರಿಂದ ಪ್ರಯೋಜನವೇನು ಎಂದು ಕೆಲವರು ಕೇಳಿಯಾರು. ಒಂದು ಉದಾಹರಣೆ ಕೊಡುತ್ತೇನೆ. 2006ರಲ್ಲಿ ಇದೇ ಹಡಗು ಭಾರತ ಸರಕಾರದ ಕಾರ್ಯಕ್ರಮದಂತೆ ಮೀಥೇನ್ ಹೈಡ್ರೇಟನ್ನು ಹುಡುಕಲು ನಮ್ಮ ಕಡಲುಗಳಿಗೆ ಬಂದಿತ್ತು. ಇದು ಮೀಥೇನ್ ಅನಿಲವನ್ನು ತನ್ನೊಳಗೆ ಹಿಡಿದಿಟ್ಟ ಹಿಮದಂಥ ವಸ್ತು. ಒತ್ತಡವೂ ತಣ್ಪೂ ಇರುವಲ್ಲಿ ಮಾತ್ರ ಉಳಿಯುತ್ತದೆ. ಕೇರಳ–ಕೊಂಕಣ ಪ್ರದೇಶದ ಕಡಲಿನಲ್ಲಿ ಕೊರೆದಾಗ ಅದು ಸಿಗಲಿಲ್ಲ. ಕೃಷ್ಣಾ–ಗೋದಾವರಿಯ ಎದುರಿನ ಕಡಲಿನಲ್ಲಿ ಹೇರಳವಾಗಿ ಸಿಕ್ಕಿತು. ಅಂಡಮಾನಿನ ಬಳಿ ಉಷ್ಣತೆ ಬಹಳ ನಿಧಾನವಾಗಿ, ಕಿಲೋಮೀಟರಿಗೆ ಇಪ್ಪತ್ತು ಡಿಗ್ರಿಗಿಂತಲೂ ಕಡಿಮೆ ಏರುವುದರಿಂದ, ತಳದ ಕೆಳಗೆ ಸುಮಾರು 600 ಮೀಟರ್ ಆಳದವರೆಗೂ ಅದು ಉಳಿದಿರುವುದು ಕಂಡುಬಂತು. ಆ ಹಿಮ ಎಷ್ಟು ಆಳದವರೆಗೆ ಉಳಿದೀತು, ಎಲ್ಲಿ ಕರಗೀತು ಎಂಬುದನ್ನು ನಿರ್ಣಯಿಸುವುದು ಈ ಉಷ್ಣತೆಯ ಏರಿಕೆಯೇ. 1985ರಿಂದ ಲೋಕದ ಕಡಲುಗಳನ್ನೆಲ್ಲ ಕೊರೆದ ಆ ಹಡಗಿನ ವಿಜ್ಞಾನಯಾತ್ರೆಗಳು 2024ರಲ್ಲಿ ಮುಗಿದುವು. ಅದು ತಂದ ಕೆಸರಿನ ಕಂಬಗಳನ್ನು ಓದುವ ಕೆಲಸ ಇನ್ನೂ ನಡೆಯುತ್ತಿದೆ.

ಇಲ್ಲಿಗೆ ನನ್ನ ಅಜ್ಜಿಯ ಕತೆಗೆ ಹಿಂದಿರುಗುತ್ತೇನೆ. 2015ರ ಯಾತ್ರೆಯ ಮುಖ್ಯ ಉದ್ದೇಶ ಶಾಖವನ್ನು ಅಳೆಯುವುದಾಗಿರಲಿಲ್ಲ. ನಮ್ಮ ಮುಂಗಾರು ಮಳೆಯ ಪೂರ್ವಚರಿತ್ರೆಯನ್ನೂ, ಹಿಮಾಲಯ ಸವೆದು ಬಂದ ಮಣ್ಣಿನ ಚರಿತ್ರೆಯನ್ನೂ ಕಡಲ ಕೆಸರಿನ ಪದರಗಳಲ್ಲಿ ಓದಲು ಅದು ಬಂದಿತ್ತು. ಇದನ್ನು ತಿಳಿದಾಗ ನನಗೆ ನಗು ಬಂತು. ಸಮುದ್ರವೇಕೆ ಉಕ್ಕುವುದಿಲ್ಲ ಎಂಬ ನನ್ನ ಬಾಲ್ಯದ ಪ್ರಶ್ನೆಗೆ ಉತ್ತರ ಆ ಮುಂಗಾರಿನಲ್ಲಿಯೇ ಇದೆ. ಕಡಲನ್ನು ಕುಡಿಯುವ ಬೆಂಕಿ ತಳದಲ್ಲಿಲ್ಲ, ತಲೆಯ ಮೇಲಿದೆ. ಸೂರ್ಯನು ಕುಡಿದ ನೀರೇ ಮೋಡವಾಗಿ, ಘಟ್ಟಕ್ಕೆ ತಾಗಿ, ಮಳೆಯಾಗಿ ಸುರಿದು ಅಘನಾಶಿನಿಯಲ್ಲಿ ಕೆಂಪಗೆ ಹರಿದು ಬರುತ್ತದೆ. ನಾನು ನೋಡುತ್ತ ನಿಂತಿದ್ದ ನೀರೇ ನನ್ನ ಪ್ರಶ್ನೆಗೆ ಉತ್ತರವಾಗಿತ್ತು.

ಹಾಗಾದರೆ ಬಡಬಾನಲ ಸುಳ್ಳೇ? ಈ ಪ್ರಶ್ನೆಯನ್ನು ನಾನು ನನಗೇ ಅನೇಕ ಸಲ ಹಾಕಿಕೊಂಡಿದ್ದೇನೆ. ಕಡಲ ನಡುವಿನ ಪರ್ವತಸಾಲುಗಳ ಬಳಿ ಸಮುದ್ರದ ನೀರು ನೆಲದ ಬಿರುಕುಗಳಲ್ಲಿ ಇಳಿದು, ಕಾದು, ಕುದಿನೀರಿಗಿಂತಲೂ ಎಷ್ಟೋ ಬಿಸಿಯಾಗಿ ಮೇಲೆ ಚಿಮ್ಮುವ ಚಿಲುಮೆಗಳಿವೆ. ಕಡಲ ತಳದ ಬಿಸಿನೀರಿನ ಚಿಲುಮೆಗಳನ್ನು ಮೊದಲು 1977ರಲ್ಲಿ ಗಲಪಾಗಸ್ ದ್ವೀಪಗಳ ಸಮೀಪ ಆಳ ಕಡಲಿನಲ್ಲಿ ಕಂಡರು. ಇದನ್ನು ಓದಿದಾಗ ನನ್ನೊಳಗಿನ ಹಳೆಯ ಭಾಷಣಕಾರ ಮತ್ತೆ ಎದ್ದು ನಿಂತ: “ನೋಡಿದಿರಾ, ನೀರು ಕುಡಿಯುವ ಬೆಂಕಿ!” ಎಂದ. ನಾನು ಅವನನ್ನು ಕುಳ್ಳಿರಿಸಿದೆ. ಕತೆ ಕಟ್ಟಿದವರು ಆ ಚಿಲುಮೆಯನ್ನು ಕಂಡಿರಲಿಲ್ಲ. ಅವರು ಕಂಡದ್ದು ಮನುಷ್ಯನ ಕೋಪವನ್ನು. ಅಳಿಸಲೂ ಆಗದ, ಹೊರಬಿಡಲೂ ಆಗದ ಕೋಪವನ್ನು ಎಲ್ಲಿಡಬೇಕು ಎಂದು ಅವರು ಕೇಳಿಕೊಂಡರು. ಕಡಲಿನಷ್ಟು ದೊಡ್ಡ ಮನಸ್ಸಿನಲ್ಲಿ ಇಡಬೇಕು ಎಂದರು. ಈ ಮಾತಿಗೆ ಉಷ್ಣಮಾಪಕದ ಸಾಕ್ಷಿ ಬೇಕಿಲ್ಲ. ವಿಜ್ಞಾನದ ಅರ್ಹತಾಪತ್ರವನ್ನು ತಂದು ಅದಕ್ಕೆ ಅಂಟಿಸಿದರೆ, ಕಾವ್ಯಕ್ಕೆ ಗೌರವ ಕೊಟ್ಟಂತಾಗುವುದಿಲ್ಲ. ಅದು ತನ್ನ ಕಾಲ ಮೇಲೆ ನಿಲ್ಲಲಾರದೆಂದು ಒಪ್ಪಿಕೊಂಡಂತಾಗುತ್ತದೆ. ಇತ್ತ ವಿಜ್ಞಾನಿಯ ಶ್ರಮಕ್ಕೂ ಅವಮಾನ. ಅಲೆಯ ಮೇಲೆ ನಿಂತು, ಹತ್ತು ನಿಮಿಷ ಉಸಿರು ಬಿಗಿಹಿಡಿದು, ಒಂದು ಡಿಗ್ರಿಯ ನೂರರಲ್ಲಿ ಒಂದು ಪಾಲಿಗಾಗಿ ಕಾದವನ ಅಳತೆಯನ್ನು ನಾನು ಒಂದು ಘೋಷಣೆಗಾಗಿ ಖರ್ಚು ಮಾಡಿದ್ದೆ.

ಆ ಹತ್ತು ಗುಂಟೆಯ ದೀಪವೂ ಕೀಳಲ್ಲ. ಒಂದೊಂದು ಚಾಪೆಯಷ್ಟು ಜಾಗದಲ್ಲಿ ಅಷ್ಟು ಮಂದವಾದದ್ದು, ಇಡೀ ಭೂಮಿಯ ಮೇಲೆ ಕೂಡಿಸಿದಾಗ ಸುಮಾರು 47 ಲಕ್ಷ ಕೋಟಿ ವ್ಯಾಟ್ ಆಗುತ್ತದೆ. ಇಂಥ ಒಳಶಾಖವೇ ಭೂಖಂಡಗಳನ್ನು ಸರಿಸಿದೆ, ಪರ್ವತಗಳನ್ನು ಎತ್ತಿದೆ. ಇದನ್ನು ಬಣ್ಣಿಸಲು ಹೊಸ ಕವಿ ಹುಟ್ಟಲಿ. ಅವನು ಹಳೆಯ ಕುದುರೆಯನ್ನು ಎರವಲು ತರಬೇಕಾಗಿಲ್ಲ.

ಮರುವರ್ಷ ಅದೇ ಸಭೆಗೆ ನಾನೇ ಕೇಳಿಕೊಂಡು ಹೋದೆ. ಹಿಂದಿನ ಸಲ ಹೇಳಿದ್ದು ತಪ್ಪು ಎಂದು, ಇಂದು ನಿಮಗೆ ಹೇಳಿದ್ದನ್ನೆಲ್ಲ ಹೇಳಿದೆ. ಈ ಸಲ ಚಪ್ಪಾಳೆ ಬರಲಿಲ್ಲ. ಮುಂದಿನ ಸಾಲಿನ ಒಬ್ಬಿಬ್ಬರು ಹಿರಿಯರು ಮುಖ ಗಂಟಿಕ್ಕಿ ಎದ್ದುಹೋದರು. ಸಭೆ ಮುಗಿದ ಮೇಲೆ, ಹಲವು ವರ್ಷ ತದಡಿಯಿಂದ ದೋಣಿಯಲ್ಲಿ ಮೀನಿಗೆ ಹೋಗುತ್ತಿದ್ದ ಮುದುಕರೊಬ್ಬರು ನನ್ನ ಬಳಿಗೆ ಬಂದರು.

“ಮಾಸ್ತರೇ, ನೀವು ಹೋದ ವರ್ಷ ತಳದಲ್ಲಿ ಬೆಂಕಿ ಇದೆ ಅಂದಾಗಲೇ ನನಗೆ ಅನುಮಾನ ಬಂದಿತ್ತು” ಎಂದರು.

“ಏಕೆ?” ಎಂದು ಕೇಳಿದೆ.

“ಬಲೆ ಎಷ್ಟು ಆಳಕ್ಕೆ ಬಿಟ್ಟರೆ ಅಷ್ಟು ತಣ್ಣಗೆ ಬರುತ್ತದೆ. ಕೈಗೆ ಗೊತ್ತಾಗುತ್ತದಲ್ಲ.”

“ಹಾಗಾದರೆ ಅಂದೇ ಹೇಳಲಿಲ್ಲವೇಕೆ?”

ಅವರು ನಕ್ಕರು. “ನಿಮಗೆ ಶಾಲು ಹೊದಿಸುತ್ತಾ ಇದ್ದರು” ಎಂದರು.